ಮೇಲಿನ ಮನೆಯ ಕಂಪ್ಯೂಟರು, ಕೆಳಗಿನ ಮನೆಯ ಕರೆಂಟ್ ಬಿಲ್ಲು

ಬೆಂಗಳೂರಿನಲ್ಲಿ ನಾನು ಬಾಡಿಗೆಗಿರುವ ಮಹಡಿ ಮನೆಗೂ ಕೆಳಗಿನ ಓನರ್ ಮನೆಗೂ ಒಂದೇ ಮೀಟರು. ಆಫೀಸಿನವರು ಡೆಸ್ಕ್‌ಟಾಪನ್ನು ಮನೆಗೇ ಕಳಿಸಿ ಇನ್ನು ಇಲ್ಲಿಂದಲೇ ಕೆಲಸ ಮಾಡು ಎಂದ ಎರಡನೇ ವಾರಕ್ಕೆ ಓನರ್ ಆಂಟಿ ಮೆಟ್ಟಿಲ ಬಳಿ ನಿಲ್ಲಿಸಿಕೊಂಡರು.

"ಬೆಳಗ್ಗೆಯಿಂದ ಸಂಜೆವರೆಗೂ ಆ ಕಂಪ್ಯೂಟರ್ ಓಡ್ತಾನೇ ಇರುತ್ತಲ್ಲಪ್ಪ. ತಿಂಗಳಿಗೆ ಆರುನೂರು ಜಾಸ್ತಿ ಕೊಡಬೇಕಾಗುತ್ತೆ ನೋಡು."

"ಅಷ್ಟೆಲ್ಲ ಆಗಲ್ಲ ಆಂಟಿ."

"ಹಾಗಾದ್ರೆ ಎಷ್ಟಾಗುತ್ತೆ? ನೀನೇ ಹೇಳು."

ಹೇಳಲು ನನಗೆ ಗೊತ್ತಿರಲಿಲ್ಲ. ಆರುನೂರು ಎಂಬುದು ಗಾಳಿಯಲ್ಲಿ ಹುಟ್ಟಿದ ಸಂಖ್ಯೆಯೂ ಆಗಿರಲಿಲ್ಲ. ಡಿಪ್ಲೊಮಾ ಓದುವ ಅವರ ಮಗ ನನ್ನ ಸಿಪಿಯು ಹಿಂಬದಿಯ ಎಸ್‌ಎಂಪಿಎಸ್, ಅಂದರೆ ಕರೆಂಟ್ ಪೂರೈಸುವ ಡಬ್ಬಿಯ ಮೇಲೆ 450 ವ್ಯಾಟ್ ಎಂದು ಬರೆದಿದ್ದನ್ನು ಓದಿ, ಅದನ್ನು ದಿನಕ್ಕೆ 9 ಗಂಟೆ, ತಿಂಗಳಿಗೆ 22 ದಿನದಿಂದ ಗುಣಿಸಿದ್ದ. 89 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ 620 ರೂಪಾಯಿ ಚಿಲ್ಲರೆ. ಚಿಲ್ಲರೆಯನ್ನು ಆಂಟಿ ಬಿಟ್ಟುಕೊಟ್ಟಿದ್ದರು.

ಗುಣಾಕಾರ ಸರಿ, ಗುಣಿಸಿದ ಸಂಖ್ಯೆ ತಪ್ಪು. ಎಸ್‌ಎಂಪಿಎಸ್ ಮೇಲಿನ 450 ಎನ್ನುವುದು ತಟ್ಟೆಯ ಅಳತೆ, ಹೊಟ್ಟೆಗೆ ಹೋದ ಅನ್ನದ ಅಳತೆಯಲ್ಲ. ಗರಿಷ್ಠ ಇಷ್ಟು ಕೊಡಬಲ್ಲೆ ಎಂದು ಅದು ಹೇಳುತ್ತಿದೆ, ಅಷ್ಟೆ. ಮೇಲ್ ಓದುವ, ಎಕ್ಸೆಲ್ ತುಂಬುವ, ಹತ್ತಾರು ಟ್ಯಾಬ್ ತೆರೆದಿಟ್ಟ ಸಾಧಾರಣ ಡೆಸ್ಕ್‌ಟಾಪ್ ಎಳೆಯುವುದು ಅದರ ಕಾಲು ಭಾಗವನ್ನೂ ಅಲ್ಲ. ಲ್ಯಾಪ್‌ಟಾಪ್ ಚಾರ್ಜರಿನ ಮೇಲಿನ 65 ವ್ಯಾಟ್‌ನ ಕಥೆಯೂ ಇದೇ. ಬ್ಯಾಟರಿ ಖಾಲಿಯಾಗಿದ್ದಾಗ ಸ್ವಲ್ಪ ಹೊತ್ತು ಆ ಮಟ್ಟದ ಹತ್ತಿರ ಹೋಗಿ, ತುಂಬಿದ ಮೇಲೆ 15ರಿಂದ 30ರ ನಡುವೆ ಆಡಿಕೊಂಡಿರುತ್ತದೆ.

ಲೇಬಲ್ ನಂಬುವಂತಿಲ್ಲ ಎಂದಾದರೆ ಅಳೆಯಬೇಕು. ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರುಗಳು, ಯೂನಿಟ್ ತೋರಿಸುವ ಸ್ಮಾರ್ಟ್ ಪ್ಲಗ್ಗುಗಳು ಆನ್‌ಲೈನಿನಲ್ಲೂ ಎಸ್.ಪಿ. ರಸ್ತೆಯಲ್ಲೂ ಸಿಗುತ್ತವೆ. ಆದರೆ ಒಂದು ಸಲದ ಲೆಕ್ಕಕ್ಕೆ ಅದನ್ನು ಕೊಳ್ಳಬೇಕಿಲ್ಲ. ಗೋಡೆಯ ಮೇಲೆ ನೇತಾಡುವ ಬೆಸ್ಕಾಂ ಮೀಟರೇ ಸಾಕು.

ಡಿಜಿಟಲ್ ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಆಸುಪಾಸಿನಲ್ಲಿ 3200 ಎಂದೋ 1600 ಎಂದೋ ಒಂದು ಸಂಖ್ಯೆ, ಅದರ ಮುಂದೆ ಇಂಗ್ಲಿಷಿನಲ್ಲಿ ಇಂಪ್/ಕೆಡಬ್ಲ್ಯೂಎಚ್ ಎಂದು ಅಚ್ಚಾಗಿರುತ್ತದೆ. ಆ ದೀಪ ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್ ಖರ್ಚಾಯಿತು ಎಂದರ್ಥ. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟಿನ ಸಾಧನ ಒಂದು ಗಂಟೆ ಓಡಿದ್ದು.

ಮನೆಯಲ್ಲಿರುವುದನ್ನೆಲ್ಲ ಆರಿಸಿ. ಫ್ರಿಜ್ಜು, ರೂಟರು, ಟಿವಿಯ ಸೆಟ್‌ಟಾಪ್ ಬಾಕ್ಸು ಎಲ್ಲ ಸ್ವಿಚ್ಚಿನಲ್ಲೇ ಆಫ್ ಆಗಲಿ. ಮಿಟುಕುವುದು ನಿಂತಿತೇ ಎಂದು ನೋಡಿ. ನಿಂತಿಲ್ಲವಾದರೆ ಎಲ್ಲೋ ಏನೋ ಉಳಿದಿದೆ. ಆಮೇಲೆ ಕಂಪ್ಯೂಟರ್ ಒಂದನ್ನೇ ಹಾಕಿ, ಸಾಮಾನ್ಯವಾಗಿ ಮಾಡುವ ಕೆಲಸಕ್ಕೆ ಯಾರನ್ನಾದರೂ ಕೂರಿಸಿ, ನೀವು ಮೀಟರ್ ಮುಂದೆ ನಿಂತು 5 ನಿಮಿಷದಲ್ಲಿ ಎಷ್ಟು ಮಿಟುಕು ಎಂದು ಎಣಿಸಿ. ಮೀಟರಿನಲ್ಲಿ 3200 ಎಂದಿದ್ದರೆ ಆ ಎಣಿಕೆಯನ್ನು 3.75ರಿಂದ ಗುಣಿಸಿ. 1600 ಎಂದಿದ್ದರೆ 7.5ರಿಂದ. ಬಂದಿದ್ದೇ ವ್ಯಾಟ್.

ಇಲ್ಲೊಂದು ಬಲೆ ಇದೆ, ಮೊದಲ ಸಲ ನಾನೇ ಅದಕ್ಕೆ ಬಿದ್ದೆ. ನಮ್ಮ ಮನೆಗಳಲ್ಲಿ ಕಂಪ್ಯೂಟರಿನ ಪಾಯಿಂಟು ಸಾಮಾನ್ಯವಾಗಿ ಯುಪಿಎಸ್, ಅಂದರೆ ಇನ್ವರ್ಟರಿನ ಲೈನಿನಲ್ಲಿರುತ್ತದೆ. ಎಲ್ಲವನ್ನೂ ಆರಿಸುವ ಉತ್ಸಾಹದಲ್ಲಿ ಇನ್ವರ್ಟರಿನ ಪ್ಲಗ್ಗನ್ನೂ ಆರಿಸಿದರೆ ಕಂಪ್ಯೂಟರು ಸದ್ದಿಲ್ಲದೆ ಬ್ಯಾಟರಿಯ ಮೇಲೆ ಓಡತೊಡಗುತ್ತದೆ, ಮೀಟರು ಕಣ್ಣೇ ಬಿಡುವುದಿಲ್ಲ. ನನ್ನ ಕಂಪ್ಯೂಟರಿಗೆ ಕರೆಂಟೇ ಬೇಡ ಎಂದು ಸಂಭ್ರಮಿಸುವ ಮುನ್ನ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಬೇರೆ ಪಾಯಿಂಟಿಗೆ ಹಾಕಿ.

ಜಂಟಿ ಮೀಟರ್ ಆದ್ದರಿಂದ ನಮ್ಮ ಪ್ರಯೋಗಕ್ಕೆ ಆಂಟಿಯ ಮನೆಯೂ ಕತ್ತಲಾಗಬೇಕಿತ್ತು. ಭಾನುವಾರ ಮಧ್ಯಾಹ್ನ, ಅವರ ಧಾರಾವಾಹಿ ಇಲ್ಲದ ಹೊತ್ತು ನೋಡಿ ಒಪ್ಪಿಸಿದೆ. ನಾನು ಎಣಿಸಿದರೆ ನಂಬಿಕೆ ಬರಲಿಕ್ಕಿಲ್ಲವೆಂದು ಅವರೇ ಕುರ್ಚಿ ಹಾಕಿಕೊಂಡು ಮೀಟರ್ ಎದುರು ಕೂತರು. ಮಾನಿಟರ್ ಸೇರಿ 24 ಮಿಟುಕು, ಎಂದರೆ 90 ವ್ಯಾಟ್. ತಿಂಗಳ 198 ಗಂಟೆಗೆ 18 ಯೂನಿಟ್ಟಿಗೆ ಒಂದು ಚೂರು ಕಡಿಮೆ, 125 ರೂಪಾಯಿ.

"ಆರುನೂರಲ್ಲಿ ನಾನೂರ ಎಪ್ಪತ್ತೈದು ಉಳೀತು ಬಿಡು ನಿಂಗೆ" ಎಂದರು ಆಂಟಿ, ತಾವೇ ಕೊಟ್ಟಂತೆ.

ಯೂನಿಟ್ಟಿಗೆ 7 ರೂಪಾಯಿ ಎಲ್ಲಿಂದ ಬಂತು?

ಬಿಲ್ ಹಿಡಿದು ನೋಡಿದರೆ ಅದು ಎಲ್ಲೂ ಇಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ನೇ ವರ್ಷಕ್ಕೆ (2025ರ ಏಪ್ರಿಲ್‌ನಿಂದ) ಜಾರಿಗೆ ತಂದ ದರದಲ್ಲಿ ಮನೆಬಳಕೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು 36 ಪೈಸೆಯ ಸರ್‌ಚಾರ್ಜು, ವಿದ್ಯುತ್ ಶುಲ್ಕದ ಮೇಲೆ ಶೇ 9 ತೆರಿಗೆ. ಒಟ್ಟು 6 ರೂಪಾಯಿ 68 ಪೈಸೆ. ಇಂಧನ ಹೊಂದಾಣಿಕೆ ಎಂಬ ಇನ್ನೊಂದು ಸಾಲು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಮನಸ್ಸಿನಲ್ಲೇ ಲೆಕ್ಕ ಹಾಕಲು 7 ಎಂದಿಟ್ಟುಕೊಂಡರೆ ಅನುಕೂಲ. ಹಳೆಯ ಸ್ಲ್ಯಾಬುಗಳು 2024ರಲ್ಲೇ ಹೋದವು. ಮೊದಲ ಯೂನಿಟ್ಟಿಗೂ ಕೊನೆಯ ಯೂನಿಟ್ಟಿಗೂ ಈಗ ಒಂದೇ ದರ. ಬಿಲ್ಲಿನ ಮೇಲ್ಭಾಗದ ನಿಗದಿತ ಶುಲ್ಕ, ಅಂದರೆ 2025-26ರ ದರದಲ್ಲಿ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ, ಕಂಪ್ಯೂಟರ್ ಹಾಕಿದರೂ ಬರುತ್ತದೆ, ಹಾಕದಿದ್ದರೂ ಬರುತ್ತದೆ. ಅದನ್ನು ಕಂಪ್ಯೂಟರಿನ ತಲೆಗೆ ಕಟ್ಟಬೇಡಿ.

ಈಗ ನಿಮ್ಮ ಮೇಜಿನ ಮೇಲಿರುವುದಕ್ಕೆ ಹೊಂದಿಸಿಕೊಳ್ಳಿ. ಲ್ಯಾಪ್‌ಟಾಪ್ ಮಾತ್ರ ಇದ್ದರೆ 30 ವ್ಯಾಟ್ ಎಂದು ಧಾರಾಳವಾಗಿಯೇ ಹಿಡಿದರೂ ತಿಂಗಳಿಗೆ 6 ಯೂನಿಟ್, 42 ರೂಪಾಯಿ. ಎರಡು ಮಸಾಲೆದೋಸೆಗೂ ಆಗದ ದುಡ್ಡು. ಪಕ್ಕದಲ್ಲಿ 24 ಇಂಚಿನ ಮಾನಿಟರ್ ಇಟ್ಟುಕೊಂಡರೆ 20 ವ್ಯಾಟಿನ ಲೆಕ್ಕದಲ್ಲಿ ಇನ್ನೊಂದು 28 ರೂಪಾಯಿ. ವಿಡಿಯೊ ಎಡಿಟಿಂಗ್, ತ್ರೀಡಿ, ಎಐ ಮಾಡೆಲ್ ಓಡಿಸುವುದು ಇತ್ಯಾದಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರ ಕಥೆ ಬೇರೆ. ಕಾರ್ಡು ದುಡಿಯುವಾಗ ಇಡೀ ಪೆಟ್ಟಿಗೆ 300, 400 ವ್ಯಾಟ್ ದಾಟುತ್ತದೆ, ಸುಮ್ಮನಿದ್ದಾಗ ನೂರರ ಕೆಳಗೆ ಬರುತ್ತದೆ. ಸರಾಸರಿ 250 ಎಂದರೂ ತಿಂಗಳಿಗೆ ಸುಮಾರು 50 ಯೂನಿಟ್, 350 ರೂಪಾಯಿ. ಇಂಥವರು ಒಂದು ವ್ಯಾಟ್ ಮೀಟರ್ ಕೊಳ್ಳುವುದೇ ಒಳ್ಳೆಯದು. ಏರಿಳಿತ ಇಷ್ಟಿದ್ದರೆ ಐದು ನಿಮಿಷದ ಮಿಟುಕೆಣಿಕೆ ಸುಳ್ಳು ಹೇಳುತ್ತದೆ.

ಮೇಜಿನ ಸುತ್ತ ಇರುವವರು

ಅಳೆಯುತ್ತ ಹೋದಾಗ ನನಗೆ ಆಶ್ಚರ್ಯವಾದದ್ದು ಕಂಪ್ಯೂಟರಿನಿಂದಲ್ಲ, ತಲೆಯ ಮೇಲೆ ತಿರುಗುವ ಫ್ಯಾನಿನಿಂದ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಅದೇ 198 ಗಂಟೆಗೆ 15 ಯೂನಿಟ್, 100 ರೂಪಾಯಿ ಮೇಲೆ. ಲ್ಯಾಪ್‌ಟಾಪಿನ ಎರಡೂವರೆ ಪಟ್ಟು! ಮನೆಯಿಂದ ಕೆಲಸ ಮಾಡುವ ಖರ್ಚು ಎಂದು ನಾವು ಕಂಪ್ಯೂಟರನ್ನು ದಿಟ್ಟಿಸುತ್ತ ಕೂತಿದ್ದರೆ ದುಡ್ಡು ತಲೆಯ ಮೇಲೆ ತಿರುಗುತ್ತಿರುತ್ತದೆ. ಬಿಎಲ್‌ಡಿಸಿ ಫ್ಯಾನ್ ಇದೇ ಗಾಳಿಯನ್ನು 30 ವ್ಯಾಟ್ ಆಸುಪಾಸಿನಲ್ಲಿ ಕೊಡುತ್ತದೆ. ದಿನಕ್ಕೆ ಹತ್ತು ಗಂಟೆ ತಿರುಗುವ ಕೋಣೆಯಲ್ಲಿ ತಿಂಗಳಿಗೆ 13 ಯೂನಿಟ್ ಉಳಿಯುವುದರಿಂದ, ಮೂರು ಸಾವಿರ ಕೊಟ್ಟು ತಂದರೂ ಮೂರು ವರ್ಷದೊಳಗೆ ಅಸಲು ವಾಪಸ್. ಕರೆಂಟ್ ಉಳಿಸಲೆಂದೇ ಡೆಸ್ಕ್‌ಟಾಪ್ ಬಿಟ್ಟು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತೇನೆ ಎನ್ನುವವರಿಗೂ ಇದೇ ಲೆಕ್ಕ ಹಾಕಿಕೊಡಿ. ತಿಂಗಳಿಗೆ ಉಳಿಯುವುದು 80 ರೂಪಾಯಿ ಚಿಲ್ಲರೆ. 45 ಸಾವಿರದ ಲ್ಯಾಪ್‌ಟಾಪ್ ತನ್ನ ಬೆಲೆ ತಾನೇ ದುಡಿಯಲು 45 ವರ್ಷ ಬೇಕು.

ಇನ್ನು ರೂಟರು. ಅದರ ಹಸಿವು 10 ವ್ಯಾಟ್ ಮಾತ್ರ, ಆದರೆ ಅದಕ್ಕೆ ರಜೆಯಿಲ್ಲ. 24 ಗಂಟೆ, 30 ದಿನ: 7 ಯೂನಿಟ್, 50 ರೂಪಾಯಿ. ಒಂಬತ್ತು ಗಂಟೆ ದುಡಿಯುವ ಲ್ಯಾಪ್‌ಟಾಪಿಗಿಂತ ಮೂಲೆಯಲ್ಲಿ ಕೂತ ರೂಟರೇ ಹೆಚ್ಚು ತಿನ್ನುತ್ತದೆ. ರಾತ್ರಿ ಮಲಗುವಾಗ ಆರಿಸುವ ಅಭ್ಯಾಸವಾದರೆ ಮೂರನೇ ಒಂದು ಭಾಗ ಉಳಿಯುತ್ತದೆ. ಚಾರ್ಜರನ್ನು ಸಾಕೆಟ್ಟಿನಲ್ಲೇ ಬಿಟ್ಟರೆ ಕರೆಂಟ್ ಸೋರಿ ಹೋಗುತ್ತದೆ ಎಂದು ಮಕ್ಕಳನ್ನು ಗದರುವುದುಂಟು. ಇಂದಿನ ಚಾರ್ಜರುಗಳು ಖಾಲಿ ಇದ್ದಾಗ ಅರ್ಧ ವ್ಯಾಟನ್ನೂ ಎಳೆಯುವುದಿಲ್ಲ. ತಿಂಗಳಿಡೀ ಬಿಟ್ಟರೆ ಎರಡು ರೂಪಾಯಿ. ಗದರುವ ಶಕ್ತಿಯನ್ನು ಗೀಸರಿಗೆ ಉಳಿಸಿಕೊಳ್ಳುವುದು ಮೇಲು: 15 ಲೀಟರಿನ ಗೀಸರ್ ಒಮ್ಮೆ ಪೂರ್ತಿ ಕಾಯಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪ್ ಎರಡು ದಿನ ದುಡಿಯುತ್ತದೆ.

ಎಸಿ ಇರುವ ಮನೆಯಲ್ಲಂತೂ ಈ ಚರ್ಚೆಗೇ ಅರ್ಥವಿಲ್ಲ. ಮಂಗಳೂರಿನ ಬೆವರಲ್ಲಿ, ಕಲಬುರಗಿಯ ಏಪ್ರಿಲ್ಲಿನಲ್ಲಿ ಮಧ್ಯಾಹ್ನ ಐದು ಗಂಟೆ ಎಸಿ ಹಾಕಿ ಕೆಲಸ ಮಾಡುವವರು ಗಂಟೆಗೆ ಒಂದು ಯೂನಿಟ್ಟಿನಂತೆ ತಿಂಗಳಿಗೆ 110 ಯೂನಿಟ್ ಬಳಸಿರುತ್ತಾರೆ. ಕಂಪ್ಯೂಟರ್ ಅಲ್ಲಿ ಊಟದೆಲೆಯ ತುದಿಯ ಉಪ್ಪು.

ಇನ್ವರ್ಟರಿನ ಬಗ್ಗೆ ಒಂದು ಮಾತು. ಬ್ಯಾಟರಿಗೆ ತುಂಬುವಾಗ ಒಂದಿಷ್ಟು, ಅಲ್ಲಿಂದ ತೆಗೆದು ಮತ್ತೆ 230 ವೋಲ್ಟಿಗೆ ಏರಿಸುವಾಗ ಇನ್ನಿಷ್ಟು ಶಾಖವಾಗಿ ಕಳೆದುಹೋಗುತ್ತದೆ. ಸೀಸ-ಆಮ್ಲದ ಬ್ಯಾಟರಿಯ ಮಾಮೂಲಿ ಇನ್ವರ್ಟರಿನಲ್ಲಿ ಕರೆಂಟ್ ಹೋದಾಗ ಬಳಸಿದ ಒಂದು ಯೂನಿಟ್ಟಿಗೆ ಮೀಟರಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಯೂನಿಟ್ ಓಡಿರುತ್ತದೆ. ಲೋಡ್‌ಶೆಡ್ಡಿಂಗ್ ಜಾಸ್ತಿ ಇರುವ ಊರಿನಲ್ಲಿ ಲ್ಯಾಪ್‌ಟಾಪನ್ನು ಅದರ ಸ್ವಂತ ಬ್ಯಾಟರಿಗೆ ಬಿಟ್ಟು, ರೂಟರಿಗೆ ಮಾತ್ರ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಟ್ಟರೆ ಇನ್ವರ್ಟರನ್ನು ದೀಪ, ಫ್ಯಾನಿಗೆ ಉಳಿಸಬಹುದು.

ರಾತ್ರಿಯೂ ಆರಿಸಬೇಡಿ ಎಂದರೆ?

ಡೆಸ್ಕ್‌ಟಾಪ್ ಕೊಟ್ಟ ಆಫೀಸುಗಳಲ್ಲಿ ಐಟಿ ವಿಭಾಗದ್ದೊಂದು ಮಾತು ಮಾಮೂಲು: ಅಪ್‌ಡೇಟ್ ರಾತ್ರಿ ಬರುತ್ತದೆ, ಆನ್ ಇಟ್ಟಿರಿ. ಮಾನಿಟರ್ ಆರಿದ್ದರೂ ಸಿಪಿಯು ಸುಮ್ಮನೆ ಕೂತು 45 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ಕೆಲಸದ ಗಂಟೆ ಕಳೆದು ಉಳಿದ 522 ಗಂಟೆಗೆ 23 ಯೂನಿಟ್ ದಾಟುತ್ತದೆ. ಕೆಲಸ ಮಾಡಿದ್ದಕ್ಕಿಂತ ಮಾಡದೆ ಇದ್ದದ್ದಕ್ಕೇ ಖರ್ಚು ಹೆಚ್ಚು. ವಾರಕ್ಕೆ ಒಂದೇ ರಾತ್ರಿ ಆನ್ ಇಡುತ್ತೇನೆ, ಯಾವ ದಿನ ಹೇಳಿ ಎಂದು ಕೇಳಿದರೆ ಬಹಳಷ್ಟು ಐಟಿಯವರು ಒಪ್ಪುತ್ತಾರೆ. ಸ್ಲೀಪ್‌ನಲ್ಲಿರುವ ಯಂತ್ರವನ್ನು ದೂರದಿಂದಲೇ ಎಬ್ಬಿಸುವ ವೇಕ್ ಆನ್ ಲ್ಯಾನ್ ಸೌಲಭ್ಯ ಇದೆಯೇ ಎಂದೂ ವಿಚಾರಿಸಿ.

ಸ್ಲೀಪ್ ಎಂದರೆ ನಿಜವಾಗಿ ನಿದ್ದೆ: ಒಂದರಿಂದ ಮೂರು ವ್ಯಾಟ್. ಊಟಕ್ಕೆದ್ದಾಗ, ಕೊರಿಯರ್ ಬಂದಾಗ, ಮಗುವನ್ನು ಶಾಲೆಯಿಂದ ಕರೆತರಲು ಹೋದಾಗ ತಾನಾಗಿ ಮಲಗುವಂತೆ ಪವರ್ ಸೆಟ್ಟಿಂಗಿನಲ್ಲಿ 15 ನಿಮಿಷ ಕೊಟ್ಟುಬಿಡಿ, ಪರದೆ ಆರಲು 5 ನಿಮಿಷ. ಸ್ಕ್ರೀನ್‌ಸೇವರ್ ಹಾಕಿದರೆ ಕರೆಂಟ್ ಉಳಿಯುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಅದು ದಪ್ಪ ಬೆನ್ನಿನ ಹಳೆಯ ಮಾನಿಟರುಗಳಲ್ಲಿ ಒಂದೇ ಚಿತ್ರ ಗಾಜಿನ ಮೇಲೆ ಕಲೆಯಾಗಿ ಉಳಿಯದಿರಲೆಂದು ಬಂದದ್ದು. ಈಗ ಅದರಲ್ಲಿ ಈಜುವ ಮೀನುಗಳೂ ನಿಮ್ಮ ಕರೆಂಟನ್ನೇ ತಿನ್ನುತ್ತವೆ.

ಇನ್ನೂರರ ಗೆರೆ

ಇಷ್ಟೆಲ್ಲ ಲೆಕ್ಕ ಮಾಡಿ, 125 ರೂಪಾಯಿಯ ಚೀಟಿ ಬರೆದುಕೊಟ್ಟು, ಗೆದ್ದೆ ಎಂದು ಮೇಲೆ ಹತ್ತಿದ್ದೆ. ಮುಂದಿನ ಬಿಲ್ ಬಂದ ದಿನ ಆಂಟಿ ಅದನ್ನು ಹಿಡಿದೇ ಬಂದರು. 204 ಯೂನಿಟ್. ಸುಮಾರು 1,800 ರೂಪಾಯಿ. ಅದಕ್ಕೂ ಮೊದಲು ವರ್ಷಗಟ್ಟಲೆ ಆ ಮನೆಗೆ ಸೊನ್ನೆ ಬಿಲ್ ಬರುತ್ತಿತ್ತು.

2023ರ ಆಗಸ್ಟ್‌ನಿಂದ ನಡೆದಿರುವ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಲೆಕ್ಕ ಗೊತ್ತಿದ್ದವರಿಗೆ ಏನಾಯಿತೆಂದು ಈಗಾಗಲೇ ಹೊಳೆದಿರಬೇಕು. 200 ಯೂನಿಟ್ ಉಚಿತ ಎಂಬುದು ಬಾಯಿಮಾತು. ನಿಜದಲ್ಲಿ ಪ್ರತಿ ಮನೆಗೂ ಅದರದೇ ಮಿತಿ ಇದೆ: 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ಬಳಕೆಯ ತಿಂಗಳ ಸರಾಸರಿ, ಸಾಮಾನ್ಯವಾಗಿ ಅದರ ಮೇಲೆ ಶೇ 10. ಆಂಟಿಯ ಮನೆಯ ಸರಾಸರಿ 172, ಮಿತಿ 189. ಅಷ್ಟರೊಳಗಿದ್ದರೆ ಸೊನ್ನೆ. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿತೋ, ಮೊದಲ ಯೂನಿಟ್ಟಿನಿಂದ ಇಡೀ ಬಿಲ್ ಕಟ್ಟಬೇಕು, ನಿಗದಿತ ಶುಲ್ಕವೂ ಸೇರಿ. ನನ್ನ ಡೆಸ್ಕ್‌ಟಾಪ್ ಬರುವ ಮೊದಲು ಆ ಮನೆ 186ರಲ್ಲಿ ಓಡುತ್ತಿತ್ತು. ನಾನು ತಂದ 18 ಯೂನಿಟ್ ಅದನ್ನು 204ಕ್ಕೆ ತಳ್ಳಿತು. ನನ್ನ ಚೀಟಿಯಲ್ಲಿ ಅವುಗಳ ಬೆಲೆ 125, ಆಂಟಿಯ ಬಿಲ್ಲಿನಲ್ಲಿ 1,800. ಆರುನೂರು ಕೇಳಿದ್ದು ಕಡಿಮೆಯೇ ಆಯಿತು.

ಹಾಗಾಗಿ ಕರ್ನಾಟಕದಲ್ಲಿ ಮನೆಯಿಂದ ಕೆಲಸ ಮಾಡುವವರು ವ್ಯಾಟ್ ಎಣಿಸುವ ಮೊದಲು ತಮ್ಮ ಮನೆ ಈ ಗೆರೆಯಿಂದ ಎಷ್ಟು ದೂರದಲ್ಲಿದೆ ಎಂದು ನೋಡಿಕೊಳ್ಳಬೇಕು. ತಿಂಗಳಿಗೆ 110 ಯೂನಿಟ್ ಬಳಸಿ 140ರ ಮಿತಿ ಇರುವವರಿಗೆ ಕಂಪ್ಯೂಟರಿನ ಕರೆಂಟು ಪುಕ್ಕಟೆ. 320 ಬಳಸುವವರಿಗೆ ಯೂನಿಟ್ಟಿಗೆ 7 ರೂಪಾಯಿಯ ಸೀದಾ ಲೆಕ್ಕ. ಇಕ್ಕಟ್ಟಿರುವುದು 180, 190ರಲ್ಲಿ ತೂಗಾಡುವವರಿಗೆ.

ಇದರಲ್ಲೊಂದು ವಿಚಿತ್ರವೂ ಇದೆ. ಸರಾಸರಿ ಹಿಡಿದ ಆ ವರ್ಷ ಎಷ್ಟೋ ಐಟಿ ನೌಕರರು ಇನ್ನೂ ಮನೆಯಲ್ಲೇ ಇದ್ದರು. ಆಗ ಮನೆಯಿಂದ ದುಡಿದವರ ಮಿತಿಯಲ್ಲಿ ಕಂಪ್ಯೂಟರು, ಫ್ಯಾನು ಎಲ್ಲ ಸೇರಿಹೋಗಿದೆ. ಆ ವರ್ಷ ನಿಷ್ಠೆಯಿಂದ ಆಫೀಸಿಗೆ ಹೋಗಿ, ಈಗ ಮನೆಗೆ ಬಂದವರ ಮಿತಿಯಲ್ಲಿ ಅದಿಲ್ಲ. ಹಳೆಯ ದಾಖಲೆಯೇ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53 ಯೂನಿಟ್, ಮೇಲೆ ಶೇ 10, ಅಂದರೆ 58ರ ಮಿತಿ. ಹೊಸ ಫ್ಲ್ಯಾಟಿಗೆ ಹೋದ ದಂಪತಿ ಇಬ್ಬರೂ ಮನೆಯಿಂದ ಕೆಲಸ ಮಾಡಿದರೆ ಅದು ತಿಂಗಳ ಮಧ್ಯದಲ್ಲೇ ಮುಗಿಯಬಹುದು. ಬಾಡಿಗೆದಾರರಿಗೂ ಯೋಜನೆ ಸಿಗುತ್ತದೆ, ಆದರೆ ಮನೆಗೆ ಪ್ರತ್ಯೇಕ ಸಂಪರ್ಕ ಸಂಖ್ಯೆ, ಅಂದರೆ ಆರ್.ಆರ್. ನಂಬರ್ ಇರಬೇಕು. ಮನೆ ಬದಲಿಸುವಾಗ ಹಳೆಯ ನಂಬರಿನಿಂದ ಆಧಾರ್ ಬಿಡಿಸಿಕೊಂಡು ಹೊಸದಕ್ಕೆ ಜೋಡಿಸುವುದನ್ನು ಮರೆಯಬೇಡಿ. ನಮ್ಮಂತೆ ಮಹಡಿಗೆ ಬೇರೆ ಮೀಟರ್ ಇಲ್ಲದ ಮನೆಗೆ ಹೋಗುವ ಮುನ್ನ, ನೀರು ಬರುತ್ತದೆಯೇ ಎಂದು ಕೇಳುವಷ್ಟೇ ಕಡ್ಡಾಯವಾಗಿ, ಕಳೆದ ಮೂರು ತಿಂಗಳ ಕರೆಂಟ್ ಬಿಲ್ ತೋರಿಸಿ ಎಂದು ಕೇಳಿ.

ತೆರಿಗೆಯಲ್ಲಾದರೂ ಏನಾದರೂ ಸಿಗುತ್ತದೆಯೇ ಎಂದು ಆಸೆಪಡುವವರಿಗೆ: ಸಂಬಳದಾರರಿಗೆ ಮನೆಯ ಕರೆಂಟ್ ಬಿಲ್ಲಿನ ಹೆಸರಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ಜರ್ಮನಿಯಲ್ಲಿರುವ ಕನ್ನಡಿಗರು ಮನೆಯಿಂದ ಕೆಲಸ ಮಾಡಿದ ದಿನಕ್ಕೆ 6 ಯೂರೊದಂತೆ, ವರ್ಷಕ್ಕೆ 1,260 ಯೂರೊವರೆಗೆ ಆದಾಯದಿಂದ ಕಳೆದುಕೊಳ್ಳುತ್ತಾರೆ. ಕೇಳಿ ಹೊಟ್ಟೆ ಉರಿಸಿಕೊಳ್ಳಬಹುದು. ಸ್ವಂತ ವೃತ್ತಿಯವರು ಲೆಕ್ಕಪುಸ್ತಕ ಇಟ್ಟಿದ್ದರೆ ಕೆಲಸಕ್ಕೆ ಬಳಸಿದ ಪಾಲನ್ನು ಖರ್ಚಿಗೆ ಹಾಕಬಹುದು. ಮೇಲಿನ ಮಿಟುಕೆಣಿಕೆಯ ಚೀಟಿ ಆಡಿಟರಿಗೆ ಕೊಡಲೂ ಆಗುತ್ತದೆ.

ನಮ್ಮ ಮನೆಯಲ್ಲಿ ಮುಂದೇನಾಯಿತು? ಹದಿನೆಂಟು ಯೂನಿಟ್ ಎಲ್ಲಿಂದಲಾದರೂ ಹುಟ್ಟಿಸಬೇಕಿತ್ತು. ನಾನು ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ, ಕೆಲಸದ ಗಂಟೆಗಳಲ್ಲೇ 9 ಯೂನಿಟ್ ಸಿಕ್ಕಿತು. ಊಟ, ಚಹದ ಒಂದೂವರೆ ಗಂಟೆ ಡೆಸ್ಕ್‌ಟಾಪ್ ಮಲಗುವಂತೆ ಮಾಡಿದ್ದಕ್ಕೆ 3. ಉಳಿದದ್ದು ಆಂಟಿಯ ಮನೆಯ ಗೀಸರಿನಲ್ಲಿತ್ತು: ಒಬ್ಬೊಬ್ಬರ ಸ್ನಾನಕ್ಕೂ ಗಂಟೆಗಟ್ಟಲೆ ಅಂತರವಿದ್ದು, ಪ್ರತಿ ಸಲವೂ ಅದು ಮತ್ತೆ ಕಾಯುತ್ತಿತ್ತು. ಸ್ನಾನಗಳನ್ನು ಒಟ್ಟಿಗೆ ಮುಗಿಸಿ ದಿನಕ್ಕೊಂದು ಸಲ ಕಾಯಿಸುವುದು ತಪ್ಪಿದರೂ ತಿಂಗಳಿಗೆ 16 ಯೂನಿಟ್. ಇದನ್ನು ಹೇಳಲು ನನಗೆ ಧೈರ್ಯ ಸಾಲಲಿಲ್ಲ, ಡಿಪ್ಲೊಮಾ ಹುಡುಗನೇ ಹೇಳಿದ.

ಈಗ ಆಂಟಿ ಪ್ರತಿ ಐದು ದಿನಕ್ಕೊಮ್ಮೆ ಬೆಳಗ್ಗೆ ರಂಗೋಲಿ ಹಾಕಿ ಏಳುವಾಗ ಮೀಟರ್ ನೋಡಿ, ಕಳೆದ ಬಿಲ್ಲಿನಿಂದ ಎಷ್ಟಾಯಿತೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ರೀಡಿಂಗ್ ಆದ 25ನೇ ದಿನಕ್ಕೆ 158ರ ಮೇಲೆ ಹೋಗಬಾರದು ಎಂಬುದು ಅವರೇ ಹಾಕಿಕೊಂಡ ಲೆಕ್ಕ. ಕಳೆದ ತಿಂಗಳ ಆ ಚೌಕದಲ್ಲಿ 161 ಎಂದಿದೆ, ಅದರ ಕೆಳಗೆ ಪೆನ್ಸಿಲಿನಲ್ಲಿ: "ಮೇಲೆ ಕೇಳಬೇಕು."